ಚಿತ್ರ ನಿಲ್ಲಿಸಿದರೆ ಕನ್ನಡವೇ ಮಾಯ

ನಿಧಾನಗತಿಯ ಅಂತರಜಾಲದಲ್ಲಿ ಪುಟ ತೆರೆಯದಿದ್ದರೆ ಹಿಂದೆ ಎಲ್ಲರೂ ಹೇಳುತ್ತಿದ್ದ ಉಪಾಯ ಒಂದಿತ್ತು: ಬ್ರೌಸರ್‌ನಲ್ಲಿ ಚಿತ್ರಗಳನ್ನು ನಿಲ್ಲಿಸಿ. ಇಂಗ್ಲಿಷ್ ಪುಟಗಳಿಗೆ ಅದು ಒಳ್ಳೆಯ ಮದ್ದು. ಆದರೆ 1990ರ ದಶಕದ ಕೆಲವು ಕನ್ನಡ ಪುಟಗಳಿಗೆ ಇದನ್ನು ಪ್ರಯೋಗಿಸಿದರೆ ತೆರೆ ಖಾಲಿ! ಏಕೆಂದರೆ ಅಲ್ಲಿ ಅಕ್ಷರಗಳೇ ಚಿತ್ರಗಳು.

ವಿದೇಶ ಸಂಚಾರ ನಿಗಮವು ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆ ಆರಂಭಿಸಿದ್ದು 1995ರ ಆಗಸ್ಟ್ 15ರಂದು. ಮರುವರ್ಷವೇ ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ಜಾಲತಾಣ ಬಂತು. ಓದುಗರ ಉತ್ಸಾಹಕ್ಕೆ ಕೊರತೆಯಿರಲಿಲ್ಲ, ಆದರೆ ಬ್ರೌಸರ್‌ಗೆ ಕನ್ನಡ ಗೊತ್ತಿರಲಿಲ್ಲ.

ಒಂದು ಲೆಕ್ಕ ಮಾಡೋಣ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಎದುರಿನ ಕದಂಬರ ಸ್ತಂಭಶಾಸನದ ಬಗ್ಗೆ ಜಾಲದಲ್ಲಿ ಒಂದು ಪುಟದ ಕನ್ನಡ ಟಿಪ್ಪಣಿ ಇದೆ ಎನ್ನಿ. ಅದನ್ನು ಚಿತ್ರವಾಗಿ ಕಳಿಸಿದರೆ 60 ಕಿಲೋಬೈಟ್ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 28.8 ಕಿಲೋಬಿಟ್ ವೇಗದ ಮೋಡೆಮ್‌ನಲ್ಲಿ ಅದು ಬರಲು ಸುಮಾರು 17 ಸೆಕೆಂಡು ಬೇಕು. ದೂರವಾಣಿ ತಂತಿಯಲ್ಲಿ ಗದ್ದಲವಿದ್ದು ವೇಗ 9.6ಕ್ಕೆ ಇಳಿದರೆ 50 ಸೆಕೆಂಡು. ನಡುವೆ ಕರೆ ಕಡಿದರೆ ಮತ್ತೆ ಡಯಲ್ ಮಾಡಬೇಕು. ಬಿಲ್ಲು ಮಾತ್ರ ಏರುತ್ತಲೇ ಇರುತ್ತದೆ.

1997ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 4 ಮತ್ತು ನೆಟ್‌ಸ್ಕೇಪ್ 4, ಪುಟದ ಜೊತೆಯಲ್ಲೇ ಫಾಂಟನ್ನೂ ತರಿಸಿಕೊಳ್ಳುವ ಸೌಲಭ್ಯ ತಂದವು. ಒಬ್ಬರ ಫಾಂಟ್ ಕಡತ ಇನ್ನೊಬ್ಬರಿಗೆ ಆಗದು. ಇಂಥ ಪುಟಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಲಾಗಿತ್ತು. ಹಾಗಾಗಿ ಫಾಂಟ್ ಬಾರದಿದ್ದರೆ ಕಾಣುತ್ತಿದ್ದುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಓದುಗರು ತಂತಿಯನ್ನು ಬೈದು ‘ರಿಫ್ರೆಶ್’ ಒತ್ತುತ್ತಿದ್ದರು. ಬ್ರೌಸರ್‌ಗೆ ಹೊಂದದ ಫಾಂಟಾದರೆ ಎಷ್ಟು ಒತ್ತಿದರೂ ಅಷ್ಟೇ. ಬೇಸತ್ತು ಕನ್ನಡವನ್ನು ರೋಮನ್ ಲಿಪಿಯಲ್ಲೇ ಬರೆಯತೊಡಗಿದವರು ಬಹಳ ಮಂದಿ. ನನ್ನ ಪ್ರಕಾರ ಆ ಕಾಲದ ದೊಡ್ಡ ನಷ್ಟ ಇದೇ.

1991ರ ಯುನಿಕೋಡ್‌ನಲ್ಲೇ ಕನ್ನಡಕ್ಕೆ ಸ್ಥಾನವಿತ್ತು. 2001ರ ವಿಂಡೋಸ್ ಎಕ್ಸ್‌ಪಿ ಜೊತೆ ‘ತುಂಗಾ’ ಫಾಂಟ್ ಬಂತು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಇಂಗ್ಲಿಷ್‌ಗೆ 1. ಕನ್ನಡಕ್ಕೆ ಮೂರು ಪಟ್ಟು ಹೊರೆ ಎಂದು ಅನ್ನಿಸುವುದು ಸಹಜ. ಆದರೆ ನಮ್ಮ ತಾಳಗುಂದದ ಟಿಪ್ಪಣಿಯಲ್ಲಿ 2000 ಸಂಕೇತಗಳಿದ್ದರೆ ಒಟ್ಟು 6 ಕಿಲೋಬೈಟ್. ಅದೇ ಮೋಡೆಮ್‌ನಲ್ಲಿ ಎರಡು ಸೆಕೆಂಡೂ ಬೇಡ. ಸರ್ವರ್ ಅದನ್ನು ಕುಗ್ಗಿಸಿ ಕಳಿಸಿದರೆ ಇನ್ನೂ ಕಡಿಮೆ.

ಆಗಲೂ ತೊಂದರೆ ತಪ್ಪಲಿಲ್ಲ, ರೂಪ ಬದಲಾಯಿತು. ಬರಿಯ ಚೌಕಗಳು ಕಂಡರೆ ಗಣಕದಲ್ಲಿ ಕನ್ನಡ ಫಾಂಟ್ ಇಲ್ಲ. ಒತ್ತಕ್ಷರಗಳು ಬಿಡಿಬಿಡಿಯಾಗಿದ್ದರೆ ಸಂಕೀರ್ಣ ಲಿಪಿಗಳ ಸೌಲಭ್ಯ ಅನುಸ್ಥಾಪಿಸಿಲ್ಲ. ಎಕ್ಸ್‌ಪಿಯಲ್ಲಿ ಅದಕ್ಕೆ ಮೂಲ ಸಿ.ಡಿ.ಯನ್ನೇ ಹುಡುಕಬೇಕಿತ್ತು. ವಿಚಿತ್ರ ಚಿಹ್ನೆಗಳಿದ್ದರೆ ಬ್ರೌಸರ್‌ನ ಎನ್‌ಕೋಡಿಂಗ್ ಆಯ್ಕೆಯನ್ನು ಯುಟಿಎಫ್-8ಕ್ಕೆ ಬದಲಿಸಬೇಕಿತ್ತು. ಈ ಮೂರರಲ್ಲೂ ತಂತಿಯ ತಪ್ಪಿಲ್ಲ.

ಚಿತ್ರಾಕ್ಷರಗಳು ಇನ್ನೊಮ್ಮೆ ಬಂದವು, ಈ ಬಾರಿ ನೆರವಿಗೆ. 2006ರಲ್ಲಿ ಜಗತ್ತಿನಾದ್ಯಂತ ಬಿಡುಗಡೆಯಾದ ಒಪೆರಾ ಮಿನಿ ಬ್ರೌಸರ್, ಪುಟವನ್ನು ತನ್ನ ಸರ್ವರ್‌ನಲ್ಲಿ ಕುಗ್ಗಿಸಿ ಮೊಬೈಲಿಗೆ ಕಳಿಸುತ್ತಿತ್ತು. ಅದರ ನಂತರದ ಆವೃತ್ತಿಗಳಲ್ಲಿ ವಿಳಾಸದ ಜಾಗದಲ್ಲಿ ‘ಒಪೆರಾ:ಕಾನ್ಫಿಗ್’ ಎಂದು ಟೈಪಿಸಿ, ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಬಳಸುವ ಆಯ್ಕೆಗೆ ‘ಯೆಸ್’ ಎಂದರೆ, ಕನ್ನಡ ಫಾಂಟೇ ಇಲ್ಲದ ಮೊಬೈಲಿನಲ್ಲೂ ಕನ್ನಡ ಮೂಡುತ್ತಿತ್ತು. ಡೇಟಾ ತುಸು ಹೆಚ್ಚು ಖರ್ಚಾದರೂ ಓದಲು ಸಿಗುತ್ತಿತ್ತಲ್ಲ!