ಮಾತಿನ ಹಿಂದಿನ ಮಾತು: ನಾಟಕದಲ್ಲಿ ವ್ಯಂಗ್ಯ ಮತ್ತು ಸಂಭಾಷಣೆ

ತಡರಾತ್ರಿ ಮನೆಗೆ ಬಂದ ಮಗನನ್ನು ಕಂಡು ತಾಯಿ "ಇಷ್ಟು ಬೇಗ ಬಂದುಬಿಟ್ಟೆಯಾ?" ಎಂದು ಕೇಳಿದರೆ, ಆ ಮಾತಿನ ಅರ್ಥವನ್ನು ಯಾವ ನಿಘಂಟೂ ಹೇಳಲಾರದು. ಆಡಿದ್ದು ಒಂದು, ಉದ್ದೇಶಿಸಿದ್ದು ಅದಕ್ಕೆ ವಿರುದ್ಧವಾದ ಇನ್ನೊಂದು. ಈ ಅಂತರದಲ್ಲಿ ಹುಟ್ಟುವ ಅರ್ಥವನ್ನೇ ನಾವು ವ್ಯಂಗ್ಯವೆಂದು ಕರೆಯುತ್ತೇವೆ. ಕಥೆ, ಕಾದಂಬರಿಗಳಲ್ಲಿ ಅದನ್ನು ಸೂಚಿಸಲು ನಿರೂಪಕನಿರುತ್ತಾನೆ. ನಾಟಕದಲ್ಲಿ ಸಾಮಾನ್ಯವಾಗಿ ಆ ಆಸರೆ ಇಲ್ಲ. ಪಾತ್ರಗಳ ಸಂಭಾಷಣೆ ಮತ್ತು ಸನ್ನಿವೇಶಗಳಿಂದಲೇ ಪ್ರೇಕ್ಷಕನು ಅದನ್ನು ಗ್ರಹಿಸಬೇಕು.

ಕನ್ನಡದ ಇಬ್ಬರು ಪ್ರಮುಖ ನಾಟಕಕಾರರಾದ ಟಿ. ಪಿ. ಕೈಲಾಸಂ ಮತ್ತು ಗಿರೀಶ್ ಕಾರ್ನಾಡರು ಈ ಕಲೆಯನ್ನು ಎರಡು ಭಿನ್ನ ಮಾರ್ಗಗಳಲ್ಲಿ ಬೆಳೆಸಿದರು. ಇಬ್ಬರ ಬದುಕಿನಲ್ಲೂ ನಮ್ಮ ಚೆನ್ನೈ ನಗರಕ್ಕೆ ಸ್ಥಾನವಿದೆ. ಒಬ್ಬರ ವ್ಯಂಗ್ಯ ಭಾಷೆಯಲ್ಲಿದೆ, ಇನ್ನೊಬ್ಬರದು ಸನ್ನಿವೇಶದಲ್ಲಿದೆ. ಈ ವ್ಯತ್ಯಾಸವು ಹೊರನಾಡಿನ ಕನ್ನಡಿಗರಾದ ನಮಗೆ ಏಕೆ ಮುಖ್ಯ ಎಂಬುದನ್ನು ತಿಳಿಯುವುದು ಈ ಲೇಖನದ ಉದ್ದೇಶ.

ಲಾಕ್ಷಣಿಕರು ಕಂಡ ವ್ಯಂಗ್ಯ

ವ್ಯಂಗ್ಯವೆಂಬ ಶಬ್ದವನ್ನು ಇಂದು ನಾವು ಕುಟುಕುಮಾತಿಗೆ ಬಳಸುತ್ತೇವೆ. ಭಾರತೀಯ ಕಾವ್ಯಮೀಮಾಂಸೆಯಲ್ಲಿ ಅದರ ವ್ಯಾಪ್ತಿ ಹೆಚ್ಚು. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು 'ಧ್ವನ್ಯಾಲೋಕ'ದಲ್ಲಿ ವಾಚ್ಯಾರ್ಥದ ಆಚೆಗೆ ಹೊಳೆಯುವ ಅರ್ಥವನ್ನೇ ಕಾವ್ಯದ ಆತ್ಮವೆಂದು ಪ್ರತಿಪಾದಿಸಿದನು. ಹೊಗಳಿಕೆಯ ರೂಪದಲ್ಲಿ ನಿಂದೆಯೂ ನಿಂದೆಯ ರೂಪದಲ್ಲಿ ಹೊಗಳಿಕೆಯೂ ಬಂದರೆ ಅದು ವ್ಯಾಜಸ್ತುತಿ. ಧ್ವನಿಯ ಏರಿಳಿತದಿಂದ ಅರ್ಥವು ಬದಲಾದರೆ ಅದು ಕಾಕು. ಮೇಲಿನ ತಾಯಿಯ ಮಾತಿನಲ್ಲಿರುವುದು ಕಾಕುವೇ.

ನಾಟಕಕ್ಕೆ ವಿಶಿಷ್ಟವಾದ ಇನ್ನೊಂದು ಪರಿಭಾಷೆ ಪತಾಕಾಸ್ಥಾನಕ. ಒಂದು ಸಂದರ್ಭಕ್ಕಾಗಿ ಆಡಿದ ಮಾತು, ಆಡಿದವನು ನೆನೆಯದ ಬೇರೊಂದು ಸಂದರ್ಭಕ್ಕೆ ಹೊಂದಿಕೊಳ್ಳುವುದು ಅದರ ಬಗೆಗಳಲ್ಲೊಂದು. ಭಟ್ಟನಾರಾಯಣನ 'ವೇಣೀಸಂಹಾರ'ದ ಎರಡನೆಯ ಅಂಕದಲ್ಲಿ ದುರ್ಯೋಧನನು ಭಾನುಮತಿಯೊಡನೆ ತನ್ನ ತೊಡೆಯ ಮಾತನ್ನಾಡುತ್ತಿರುವಾಗಲೇ ಕಂಚುಕಿಯು ಧಾವಿಸಿ ಬಂದು ಮುರಿಯಿತೆಂದು ಕೂಗುತ್ತಾನೆ. ಮುರಿದದ್ದು ಭೀಕರವಾದ ಗಾಳಿಗೆ ಸಿಕ್ಕಿದ ರಥದ ಧ್ವಜ. ಆದರೆ 'ಭೀಮ' ಎಂಬ ಶಬ್ದಕ್ಕೆ ಭಯಂಕರವೆಂಬ ಅರ್ಥವೂ ಇರುವುದರಿಂದ, ಭಾರತದ ಕಥೆಯನ್ನು ಬಲ್ಲ ಸಭಿಕರಿಗೆ ಭೀಮನ ಗದೆ ಕಾಣಿಸುತ್ತದೆ. ದುರ್ಯೋಧನನಿಗೆ ಕಾಣುವುದಿಲ್ಲ. ಗ್ರೀಕ್ ನಾಟಕಕಾರ ಸೊಫೊಕ್ಲೀಸನ ಈಡಿಪಸ್, ಹಿಂದಿನ ರಾಜನನ್ನು ಕೊಂದವನನ್ನು ಹುಡುಕಿ ಶಿಕ್ಷಿಸುವುದಾಗಿ ಘೋಷಿಸುವಾಗಲೂ ಇದೇ ಕ್ರಿಯೆ ನಡೆಯುತ್ತದೆ. ಕೊಂದವನು ತಾನೇ ಎಂಬುದು ಅವನಿಗೆ ತಿಳಿಯದು.

ಈ ಎಲ್ಲ ಉದಾಹರಣೆಗಳಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ವ್ಯಂಗ್ಯವು ಆಡುವವನಲ್ಲಿ ಪೂರ್ಣವಾಗುವುದಿಲ್ಲ, ಕೇಳುವವನಲ್ಲಿ ಪೂರ್ಣವಾಗುತ್ತದೆ. ಸಂಭಾಷಣೆಯಲ್ಲಿ ಇಬ್ಬರು ಮಾತನಾಡುತ್ತಿದ್ದರೂ ಸಭಾಂಗಣದಲ್ಲಿ ಕುಳಿತ ಮೂರನೆಯವನೇ ಅದರ ನಿಜವಾದ ಶ್ರೋತೃ.

ಕೈಲಾಸಂ: ಭಾಷೆಯಲ್ಲಿ ಅಡಗಿದ ವ್ಯಂಗ್ಯ

ಕೈಲಾಸಂ ಅವರದು ತಮಿಳು ಮನೆಮಾತಿನ ಕುಟುಂಬ. ತಂದೆ ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಲಂಡನ್ನಿನಲ್ಲಿ ಭೂವಿಜ್ಞಾನವನ್ನು ಅಭ್ಯಸಿಸಿ ಹಿಂದಿರುಗಿದ ಅವರು ವೃತ್ತಿಯನ್ನು ತೊರೆದು ರಂಗಭೂಮಿಗೆ ಒಲಿದರು. 1945ರಲ್ಲಿ ಮದರಾಸಿನಲ್ಲಿಯೇ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಸ್ಥಾನವನ್ನು ಅಲಂಕರಿಸಿದರು. ಮರುವರ್ಷ ನಿಧನರಾದರು.

ಅಂದಿನ ವೃತ್ತಿರಂಗಭೂಮಿಯಲ್ಲಿ ಪಾತ್ರಗಳು ಗ್ರಾಂಥಿಕ ಭಾಷೆಯನ್ನಾಡುತ್ತಿದ್ದವು. ಕೈಲಾಸಂ ನಗರದ ವಿದ್ಯಾವಂತ ಮಧ್ಯಮವರ್ಗವು ಮನೆಯಲ್ಲಿ ನಿಜವಾಗಿ ಆಡುತ್ತಿದ್ದ, ಇಂಗ್ಲಿಷ್ ಬೆರೆತ ಕನ್ನಡವನ್ನೇ ರಂಗಕ್ಕೆ ತಂದರು. ಇದನ್ನು ಕೇವಲ ಹಾಸ್ಯದ ಸಾಧನವೆಂದು ತಿಳಿಯುವುದು ಸರಿಯಲ್ಲ. ಅವರ ಪಾತ್ರವೊಂದು ಕನ್ನಡ ವಾಕ್ಯದ ನಡುವೆ ಇಂಗ್ಲಿಷ್ ಪದವನ್ನು ಸೇರಿಸುವುದು ತನ್ನ ಘನತೆಯನ್ನು ಹೆಚ್ಚಿಸಿಕೊಳ್ಳುವುದಕ್ಕೆ. ಸಭಿಕನಿಗೆ ಅದೇ ಪದದಿಂದ ಅವನ ಪೊಳ್ಳುತನ ಕಾಣುತ್ತದೆ. ತನ್ನ ಮಾತು ಹೇಗೆ ಕೇಳಿಸುತ್ತಿದೆ ಎಂಬುದು ಅವನಿಗೊಬ್ಬನಿಗೇ ತಿಳಿಯುವುದಿಲ್ಲ.

ಅವರ ನಾಟಕಗಳ ಹೆಸರುಗಳಲ್ಲಿಯೇ ಈ ದೃಷ್ಟಿಯಿದೆ. 'ಹೋಂ ರೂಲು' ಎಂಬಲ್ಲಿ ಸ್ವರಾಜ್ಯದ ಘೋಷಣೆಯೊಂದು ಮನೆಯಾಳ್ವಿಕೆಯ ಶ್ಲೇಷೆಯಾಗುತ್ತದೆ. 'ಬಂಡ್ವಾಳ್ವಿಲ್ಲದ ಬಡಾಯಿ' ತನ್ನ ನಾಯಕನ ಸ್ಥಿತಿಯನ್ನು ಎರಡೇ ಪದಗಳಲ್ಲಿ ಹೇಳಿಬಿಡುತ್ತದೆ. 1918ರ 'ಟೊಳ್ಳು ಗಟ್ಟಿ'ಯಲ್ಲಿ ಇಬ್ಬರು ಸಹೋದರರು: ಪರೀಕ್ಷೆಗಳಲ್ಲಿ ಮುಂದಿರುವ ಪುಟ್ಟು, ಓದಿನಲ್ಲಿ ಹಿಂದಾದರೂ ಅನ್ಯರ ಕಷ್ಟಕ್ಕೆ ಒದಗುವ ಮಾಧು. ತಂದೆಯ ಮೆಚ್ಚುಗೆಯೆಲ್ಲ ಪುಟ್ಟುವಿಗೆ. ಟೊಳ್ಳು ಯಾರು, ಗಟ್ಟಿ ಯಾರು ಎಂಬುದನ್ನು ನಾಟಕಕಾರರು ಮೊದಲೇ ಹೇಳುವುದಿಲ್ಲ. ಮನೆಗೆ ಬೆಂಕಿ ಬಿದ್ದ ಗಳಿಗೆಯಲ್ಲಿ ಒದಗುವವನು ಮಾಧು. ಅಲ್ಲಿಯವರೆಗೆ ತಂದೆ ಆಡಿದ ಪ್ರತಿಯೊಂದು ಹೊಗಳಿಕೆಯೂ ಆಗ ತಿರುಗಿಬಿದ್ದು, ತಂದೆಯ ಮೇಲಿನ ಟೀಕೆಯಾಗುತ್ತದೆ.

ಕಾರ್ನಾಡ್: ಸನ್ನಿವೇಶದಲ್ಲಿ ಅಡಗಿದ ವ್ಯಂಗ್ಯ

ಕೊಂಕಣಿ ಮನೆಮಾತಿನ ಗಿರೀಶ್ ಕಾರ್ನಾಡರು ಆಕ್ಸ್‌ಫರ್ಡಿನಿಂದ ಹಿಂದಿರುಗಿ 1963ರಿಂದ 1970ರವರೆಗೆ ಮದರಾಸಿನಲ್ಲಿ, ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ಉದ್ಯೋಗದಲ್ಲಿದ್ದರು. ಇಲ್ಲಿನ ಹವ್ಯಾಸಿ ತಂಡವಾದ ಮದ್ರಾಸ್ ಪ್ಲೇಯರ್ಸ್‌ನೊಡನೆ ಅವರಿಗೆ ನಿಕಟ ಸಂಬಂಧವಿತ್ತು. 1964ರ 'ತುಘಲಕ್' ಈ ಅವಧಿಯ ಕೃತಿ.

ಈ ನಾಟಕದಲ್ಲಿ ಸುಲ್ತಾನನ ಮಾತು ತೂಕವಾದದ್ದು, ಉದಾತ್ತವಾದದ್ದು. ವ್ಯಂಗ್ಯವಿರುವುದು ಆ ಮಾತಿಗೂ ಮುಂದೆ ನಡೆಯುವುದಕ್ಕೂ ನಡುವೆ. ನ್ಯಾಯದಲ್ಲಿ ಭೇದವಿಲ್ಲವೆಂದು ತೋರಿಸಲು ಸುಲ್ತಾನನು ಬ್ರಾಹ್ಮಣನೊಬ್ಬನ ದಾವೆಯಲ್ಲಿ ತನ್ನ ವಿರುದ್ಧದ ತೀರ್ಪನ್ನೇ ಒಪ್ಪಿಕೊಳ್ಳುತ್ತಾನೆ. ಆ ಬ್ರಾಹ್ಮಣನಾದರೋ ವೇಷ ಮರೆಸಿಕೊಂಡ ಅಗಸ ಅಜೀಜ್. ಪ್ರಾರ್ಥನೆಯನ್ನು ಕಡ್ಡಾಯಗೊಳಿಸಿದ ಸುಲ್ತಾನನ ಹತ್ಯೆಯ ಸಂಚು ಪ್ರಾರ್ಥನೆಯ ಹೊತ್ತಿಗೇ ನಿಗದಿಯಾಗುತ್ತದೆ. ಬಳಿಕ ಅವನೇ ಪ್ರಾರ್ಥನೆಯನ್ನು ನಿಷೇಧಿಸುತ್ತಾನೆ. ಅದನ್ನು ಮರಳಿ ಆರಂಭಿಸಲು ಅವನು ಗೌರವದಿಂದ ಬರಮಾಡಿಕೊಳ್ಳುವ ಖಲೀಫ ವಂಶಜನೂ, ನಿಜವಾದ ಅತಿಥಿಯನ್ನು ಕೊಂದು ಅವನ ವೇಷ ತೊಟ್ಟ ಅದೇ ಅಜೀಜ್. ಆದರ್ಶ ನುಡಿಯುವ ಅರಸನ ಪ್ರತಿಯೊಂದು ಯೋಜನೆಯನ್ನೂ ಚೆನ್ನಾಗಿ ಅರ್ಥಮಾಡಿಕೊಂಡವನು ಒಬ್ಬ ವಂಚಕ. ಸುಲ್ತಾನನಿಗೆ ಇದು ಕೊನೆಗೆ ತಿಳಿಯುತ್ತದೆ, ಸಭಿಕನಿಗೆ ಮೊದಲೇ ತಿಳಿದಿರುತ್ತದೆ.

ಒಂದೇ ನಗರ, ಇನ್ನೊಬ್ಬ ತುಘಲಕ್

ಇದೇ ಸುಲ್ತಾನನ ಹೆಸರನ್ನು ಮದರಾಸಿನ ಮತ್ತೊಬ್ಬ ನಾಟಕಕಾರರೂ ಬಳಸಿಕೊಂಡರು. ಚೋ ರಾಮಸ್ವಾಮಿಯವರ ತಮಿಳು ನಾಟಕ 'ಮುಹಮ್ಮದ್ ಬಿನ್ ತುಘಲಕ್' 1968ರಲ್ಲಿ ರಂಗಕ್ಕೆ ಬಂದಿತು. ಗೋರಿಯಿಂದ ಎದ್ದುಬಂದನೆನ್ನಲಾದ ತುಘಲಕನು ಆಧುನಿಕ ಭಾರತದ ಪ್ರಧಾನಿಯಾಗುವ ಕಥೆ ಅದು. ಅವರ ಪತ್ರಿಕೆ 'ತುಗ್ಲಕ್' 1970ರಲ್ಲಿ ಆರಂಭವಾಯಿತು. ಈ ಎರಡು ನಾಟಕಗಳನ್ನು ಹೋಲಿಸಿದರೆ ವಿಡಂಬನೆಗೂ ವ್ಯಂಗ್ಯಕ್ಕೂ ಇರುವ ಭೇದ ತಿಳಿಯುತ್ತದೆ. ವಿಡಂಬನೆಯು ತನ್ನ ಗುರಿಯನ್ನು ಬೊಟ್ಟುಮಾಡಿ ತೋರಿಸುತ್ತದೆ; ನೋಡುವವನು ನಕ್ಕು ಹಗುರಾಗುತ್ತಾನೆ. ಕಾರ್ನಾಡರ ವ್ಯಂಗ್ಯದಲ್ಲಿ ಅಂತಹ ಬಿಡುಗಡೆಯಿಲ್ಲ. ಸುಲ್ತಾನನನ್ನು ಮೆಚ್ಚುತ್ತಲೇ ಖಂಡಿಸಬೇಕಾದ ಇಕ್ಕಟ್ಟು ನೋಡುವವನದೇ ಆಗುತ್ತದೆ.

ಪ್ರಯಾಣ ಮಾಡುವ ವ್ಯಂಗ್ಯ, ಮನೆಯಲ್ಲೇ ಉಳಿಯುವ ವ್ಯಂಗ್ಯ

'ತುಘಲಕ್' ಬಿ. ವಿ. ಕಾರಂತರ ಅನುವಾದದ ಮೂಲಕ ಹಿಂದುಸ್ತಾನಿಗೆ ಹೋಯಿತು. ಕಾರ್ನಾಡರೇ ಮಾಡಿದ ಇಂಗ್ಲಿಷ್ ರೂಪವು 1970ರಲ್ಲಿ ಅಲೀಕ್ ಪದಮ್‌ಸೀ ಅವರ ನಿರ್ದೇಶನದಲ್ಲಿ ಮುಂಬಯಿಯಲ್ಲಿ ಪ್ರಯೋಗಗೊಂಡಿತು. 'ಹಯವದನ'ವನ್ನು 1972ರಲ್ಲಿ ಮದ್ರಾಸ್ ಪ್ಲೇಯರ್ಸ್ ಎಗ್ಮೋರಿನ ಮ್ಯೂಸಿಯಂ ಥಿಯೇಟರಿನಲ್ಲಿ ಇಂಗ್ಲಿಷಿನಲ್ಲಿ ಆಡಿತು. ಭಾಷೆ ಬದಲಾದರೂ ಸನ್ನಿವೇಶ ಉಳಿಯುವುದರಿಂದ ಅದರ ವ್ಯಂಗ್ಯವೂ ಉಳಿಯುತ್ತದೆ.

ಕೈಲಾಸಂ ಅವರ ನಾಟಕವನ್ನು ಇಂಗ್ಲಿಷಿಗೆ ಅನುವಾದಿಸಿದರೆ ಏನಾಗುತ್ತದೆ? ಕನ್ನಡದ ನಡುವೆ ಎದ್ದು ಕಾಣುತ್ತಿದ್ದ ಇಂಗ್ಲಿಷ್ ಪದವು ಇಡೀ ವಾಕ್ಯವೇ ಇಂಗ್ಲಿಷಾದಾಗ ಕರಗಿಹೋಗುತ್ತದೆ. ಕಥೆ ಉಳಿಯುತ್ತದೆ, ಪಾತ್ರದ ಸೋಗು ಅಳಿಯುತ್ತದೆ. ಶುದ್ಧ ಕನ್ನಡಕ್ಕೆ ತಿದ್ದಿದರೂ ಇದೇ ನಷ್ಟ. ಈ ವ್ಯಂಗ್ಯವನ್ನು ಕೇಳಲು ಎರಡು ಭಾಷೆಗಳನ್ನೂ, ಅವುಗಳಿಗೆ ಸಮಾಜವು ಕೊಡುವ ಬೆಲೆಯನ್ನೂ ಬಲ್ಲ ಕಿವಿ ಬೇಕು.

ಚೆನ್ನೈ ಕನ್ನಡಿಗರು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕಚೇರಿಯಲ್ಲಿ ಇಂಗ್ಲಿಷ್ ಎಂಬ ರೀತಿಯಲ್ಲಿ ಬಾಳುವವರು. ತಮಿಳು ಮನೆಯ ಕೈಲಾಸಂ, ಕೊಂಕಣಿ ಮನೆಯ ಕಾರ್ನಾಡ್ ಇಬ್ಬರೂ ಭಾಷೆಗಳ ನಡುವೆಯೇ ಬಾಳಿದವರು. ಆ ಬಗೆಯ ಕಿವಿ ನಮಗೆ ಸಹಜವಾಗಿ ಲಭಿಸಿದ ಸಂಪತ್ತು. ಆದರೆ ಮುಂದಿನ ತಲೆಮಾರಿನವರು ಕನ್ನಡ ಸಾಹಿತ್ಯವನ್ನು ಅನುವಾದದಲ್ಲಿ ಮಾತ್ರ ಓದಿದರೆ, 'ತುಘಲಕ್' ಅವರಿಗೆ ದೊರೆಯಬಹುದು, 'ಟೊಳ್ಳು ಗಟ್ಟಿ' ಪೂರ್ಣವಾಗಿ ದೊರೆಯಲಾರದು. ಭಾಷೆಯೊಂದು ಮನೆಯಿಂದ ಸರಿಯತೊಡಗಿದಾಗ ಮೊದಲು ಹೋಗುವುದು ಪದಗಳಲ್ಲ, ಕಾಕು.

ಆದುದರಿಂದ ಮನೆಯಲ್ಲಾಗಲಿ ಸಂಘದಲ್ಲಾಗಲಿ ಕೈಲಾಸಂ ಅವರನ್ನು ಗಟ್ಟಿಯಾಗಿ ಓದುವುದು ಯೋಗ್ಯ. ಕೈಲಾಸಂ ತಮ್ಮ ನಾಟಕಗಳನ್ನು ಬಾಯಿಂದ ಹೇಳಿ ಇತರರಿಂದ ಬರೆಸುತ್ತಿದ್ದರು. ಅವು ಕಿವಿಗಾಗಿಯೇ ಹುಟ್ಟಿದವು. ಇಬ್ಬರು ಮಕ್ಕಳಿಗೆ ಒಂದೊಂದು ಪಾತ್ರವನ್ನು ಕೊಟ್ಟು ಒಂದು ದೃಶ್ಯವನ್ನು ಓದಿಸಿದರೂ ಸಾಕು. ಯಾವ ಮಾತಿಗೆ ಅವರು ನಕ್ಕರು, ಯಾವ ಮಾತು ಅವರಿಗೆ ಅರ್ಥವಾಗದೆ ಹೋಯಿತು ಎಂಬುದರಿಂದ ನಮ್ಮ ಮನೆಯಲ್ಲಿ ಕನ್ನಡ ಎಷ್ಟು ಉಳಿದಿದೆ ಎಂಬುದು ತಿಳಿಯುತ್ತದೆ.