ತಿರುವಿನ ಲೆಕ್ಕ: ಚೆಸ್ಟರ್ ಮತ್ತು ಎಪ್ಸಮ್ ರೇಸ್‌ಕೋರ್ಸ್‌ಗಳಲ್ಲಿ ಡ್ರಾದ ಪ್ರಭಾವ

ಇಂಗ್ಲೆಂಡಿನ ಚೆಸ್ಟರ್‌ನಲ್ಲಿ 16ನೇ ಶತಮಾನದಿಂದ ಕುದುರೆ ರೇಸ್ ನಡೆಯುತ್ತಿದೆ. ಡೀ ನದಿಯ ದಂಡೆಯ ರೂಡೀ ಮೈದಾನದಲ್ಲಿರುವ ಈ ಟ್ರ್ಯಾಕ್‌ನ ಒಂದು ಸುತ್ತು 1 ಮೈಲಿ 73 ಗಜ, ಅಂದರೆ ಸುಮಾರು 1,676 ಮೀಟರ್. ಹೆಚ್ಚುಕಡಿಮೆ ಉದ್ದಕ್ಕೂ ಎಡಕ್ಕೆ ಹೊರಳುವ ದಾರಿ. ಕೊನೆಯ ನೇರ ಓಟಕ್ಕೆ ಎರಡು ಫರ್ಲಾಂಗೂ ಸಿಗುವುದಿಲ್ಲ. ಓಟ ಶುರುವಾಗುವ ಗೇಟುಗಳನ್ನು ಚೀಟಿಯೆತ್ತಿ ಹಂಚುವುದೇ ಡ್ರಾ. ಅದರಲ್ಲಿ ಒಳಬೇಲಿಯ ಪಕ್ಕದ ಗೇಟ್ ಸಿಕ್ಕ ಕುದುರೆಗೆ ಇಲ್ಲಿ ಅನುಕೂಲವೆಂಬುದು ರೇಸ್ ಬಲ್ಲವರ ಸಾಮಾನ್ಯ ತಿಳಿವಳಿಕೆ. ತಿರುವು ಬಿಗಿಯಾಗಿರುವುದೇ ಇದಕ್ಕೆ ಕಾರಣವೆನ್ನುತ್ತಾರೆ. ಈ ವಿವರಣೆ ಅರ್ಧ ಮಾತ್ರ ಸರಿ.

ಒಳಬೇಲಿಯಿಂದ ಒಂದು ಮೀಟರ್ ಹೊರಗೆ ಓಡುವ ಕುದುರೆ ಪೂರ್ಣ ಸುತ್ತಿಗೆ 2π ಮೀಟರ್, ಅಂದರೆ 6.28 ಮೀಟರ್ ಹೆಚ್ಚು ಓಡಬೇಕು. ಟ್ರ್ಯಾಕ್ ಚಿಕ್ಕದಿರಲಿ ದೊಡ್ಡದಿರಲಿ, ಈ ಹೆಚ್ಚುವರಿ ಅಷ್ಟೇ. ಲೆಕ್ಕದಲ್ಲಿ ತ್ರಿಜ್ಯ ಬರುವುದೇ ಇಲ್ಲ. ಬರುವುದು ತಿರುಗಿದ ಕೋನ. ಚೆಸ್ಟರ್ ಟ್ರ್ಯಾಕನ್ನು ಸರಳತೆಗಾಗಿ ವೃತ್ತವೆಂದುಕೊಂಡರೆ, ಐದು ಫರ್ಲಾಂಗಿನ, ಅಂದರೆ ಸುಮಾರು 1,000 ಮೀಟರಿನ ಓಟದಲ್ಲಿ ಕುದುರೆ 215 ಡಿಗ್ರಿಯಷ್ಟು ತಿರುಗುತ್ತದೆ. ಎರಡು ಮೀಟರ್ ಹೊರಗಿದ್ದರೆ ಏಳೂವರೆ ಮೀಟರ್ ನಷ್ಟ. ಕುದುರೆಯ ಮೈಯುದ್ದದಲ್ಲಿ ಹೇಳುವುದಾದರೆ ಮೂರು ಲೆಂಗ್ತ್. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಇದು ಅರ್ಧ ಸೆಕೆಂಡಿಗೆ ಹತ್ತಿರ. ಮೂಗಿನಳತೆಯಲ್ಲಿ ಗೆಲುವು ತೀರ್ಮಾನವಾಗುವ ಆಟದಲ್ಲಿ ಇದು ಸಣ್ಣ ಮೊತ್ತವಲ್ಲ.

ಆದರೆ ಗೇಟ್ ಹೊರಗಿದ್ದ ಮಾತ್ರಕ್ಕೆ ಕುದುರೆ ಓಟವಿಡೀ ಹೊರಗೇ ಇರಬೇಕೆಂದಿಲ್ಲ. ಗೇಟಿನಿಂದ ಮೊದಲ ತಿರುವಿಗೆ ಎಷ್ಟು ದೂರವಿದೆ ಎಂಬುದರ ಮೇಲೆ ಜಾಕಿಗೆ ಒಳಸೇರುವ ಅವಕಾಶ ನಿಂತಿದೆ. ಸ್ಪ್ರಿಂಟ್‌ನಲ್ಲಿ ಆ ಹೊತ್ತು ಸಿಗುವುದಿಲ್ಲ. ಎರಡು ಮೈಲಿ ದಾಟುವ ಚೆಸ್ಟರ್ ಕಪ್‌ನಲ್ಲಿ ಡ್ರಾದ ಪ್ರಭಾವ ಅಳಿಯದಿದ್ದರೂ ಅದನ್ನು ಸರಿದೂಗಿಸಲು ಸಮಯವಿದೆ. ಒಳಗೇಟಿಗೂ ಅದರದೇ ಅಪಾಯವುಂಟು: ಚುರುಕಾಗಿ ಹೊರಡದ ಕುದುರೆ ಬೇಲಿಗೂ ಮುಂದಿನವುಗಳ ಗುಂಪಿಗೂ ನಡುವೆ ಸಿಕ್ಕಿಬೀಳುತ್ತದೆ.

ಎಪ್ಸಮ್‌ನ ಡರ್ಬಿ ಟ್ರ್ಯಾಕ್ ಈ ವಾದವನ್ನು ಇನ್ನೊಂದು ಬದಿಯಿಂದ ಪರೀಕ್ಷಿಸುತ್ತದೆ. 1780ರಲ್ಲಿ ಒಂದು ಮೈಲಿಯ ಓಟವಾಗಿ ಶುರುವಾದ ಡರ್ಬಿ 1784ರಿಂದ ಒಂದೂವರೆ ಮೈಲಿಗೆ ಬೆಳೆಯಿತು. ಎಪ್ಸಮ್‌ನದು ಎಡಕ್ಕೆ ತಿರುಗುವ ಟ್ರ್ಯಾಕ್, ಆದರೆ ಏರುತ್ತಾ ಸಾಗುವ ಆರಂಭದಲ್ಲಿ ಬಲಕ್ಕೆ ತುಸು ಬಾಗಿ ಆಮೇಲೆ ಎಡಕ್ಕೆ ಹೊರಳುತ್ತದೆ. ಹೀಗಾಗಿ ಒಳಬೇಲಿಯ ಪಕ್ಕದ ಒಂದನೇ ಗೇಟ್ ಇಲ್ಲಿ ವರವಲ್ಲ. ಟ್ಯಾಟನ್‌ಹ್ಯಾಮ್ ಕಾರ್ನರ್ ಎಂಬ ಕೊನೆಯ ತಿರುವಿಗೆ ಇಳಿಜಾರಿನಲ್ಲೇ ತಿರುಗಿ ಬರಬೇಕು. ನಂತರದ ನೇರ ಹಾದಿಯೂ ಒಳಬೇಲಿಯತ್ತ ವಾಲಿದೆ. ದಣಿದ ಕುದುರೆ ಆ ವಾಟಕ್ಕೆ ಸಿಕ್ಕಿ ಒಳಕ್ಕೆ ಜಾರುತ್ತದೆ. ಇಲ್ಲಿ ಕುದುರೆಯ ಸಮತೋಲನ ಡ್ರಾಗಿಂತ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಅಂಕಿಅಂಶ ಕೂಡಿಸುವವರು ಇನ್ನೊಂದನ್ನು ಗಮನಿಸಬೇಕು. ಸವೆದ ಹುಲ್ಲನ್ನು ಕಾಪಾಡಲು ಒಳಬೇಲಿಯನ್ನು ಆಗಾಗ ಹೊರಕ್ಕೆ ಸರಿಸುತ್ತಾರೆ. ಸುತ್ತಿನುದ್ದಕ್ಕೂ ಮೂರು ಮೀಟರ್ ಸರಿಸಿದರೆ ಒಂದು ಸುತ್ತಿಗೆ ಸುಮಾರು 19 ಮೀಟರ್ ಸೇರುತ್ತದೆ. ಆ ದಿನದ ಸಮಯಗಳನ್ನೂ ಹಿಂದಿನ ದಿನಗಳ ಸಮಯಗಳನ್ನೂ ಒಂದೇ ಪಟ್ಟಿಯಲ್ಲಿಟ್ಟು ಡ್ರಾದ ಪ್ರಭಾವವನ್ನು ಅಳೆಯಲಾಗದು.