ಮನೆಯ ಧ್ವನಿವರ್ಧಕದಲ್ಲಿ ಕನ್ನಡ ಸ್ಪಷ್ಟವಾಗಿ ಕೇಳಬೇಕಾದರೆ

ನಂದೇಶ್ವರದಿಂದ ಅಕ್ಕಲಕೋಟೆಯವರೆಗಿನ ಗಡಿಭಾಗದಲ್ಲಿ ಪೇಟೆ, ಬಸ್ಸು, ಕಚೇರಿಗಳ ವ್ಯವಹಾರ ಬಹುಮಟ್ಟಿಗೆ ಮರಾಠಿಯಲ್ಲಿ ನಡೆಯುತ್ತದೆ. ಮನೆಯೊಳಗೆ ನಮ್ಮ ಆಡುನುಡಿ ಇದೆ. ಅದು ನಮ್ಮ ಸಿರಿ. ಆದರೆ ಪಠ್ಯಪುಸ್ತಕದ ಶಿಷ್ಟ ಕನ್ನಡವನ್ನು ಮಕ್ಕಳು ಶಾಲೆಯ ಹೊರಗೆ ಕಿವಿಯಾರೆ ಕೇಳುವುದು ರೇಡಿಯೊ, ಮೊಬೈಲ್, ಟಿ.ವಿ. ಮತ್ತು ಮ್ಯೂಸಿಕ್ ಸಿಸ್ಟಮ್‌ಗಳ ಮೂಲಕವೇ. ಆದ್ದರಿಂದ ಮನೆಯ ಧ್ವನಿವರ್ಧಕವನ್ನು ಕೇವಲ ಮನರಂಜನೆಯ ಸಾಧನವೆಂದು ನಾವು ಭಾವಿಸಲಾಗದು. ಅದು ಮಗುವಿನ ಇನ್ನೊಬ್ಬ ಕನ್ನಡ ಶಿಕ್ಷಕ.

ಧ್ವನಿಯು ಜೋರಾಗಿರುವುದು ಬೇರೆ, ಸ್ಪಷ್ಟವಾಗಿರುವುದು ಬೇರೆ. ಮಾತಿನ ಬಲವೆಲ್ಲ ಸ್ವರಗಳಲ್ಲಿದ್ದು, ಅದು ಹೆಚ್ಚಾಗಿ 1000 ಹರ್ಟ್ಸ್‌ಗಿಂತ ಕೆಳಗಿರುತ್ತದೆ. ಅರ್ಥವನ್ನು ಬೇರ್ಪಡಿಸುವ ವ್ಯಂಜನಗಳ ಗುರುತು ಮೇಲಿನ ಪಟ್ಟಿಯಲ್ಲಿರುತ್ತದೆ: ಲ-ಳ, ನ-ಣಗಳ ಸೂಕ್ಷ್ಮ ಭೇದ 2000 ಹರ್ಟ್ಸ್‌ನ ಆಸುಪಾಸಿನಲ್ಲಿ, ಸ-ಶಗಳ ಸೀತ್ಕಾರ ಅದಕ್ಕೂ ಬಹಳ ಮೇಲೆ. ಈ ಮೇಲಿನ ಭಾಗವು ದುರ್ಬಲವಾದುದರಿಂದ ಮೊದಲು ಕೆಡುವುದೂ ಅದೇ. ಬಾಸ್ ಗುಡುಗುವ ಪೆಟ್ಟಿಗೆಯಲ್ಲಿ ಹಾಡಿನ ತಾಳ ಕೇಳುತ್ತದೆ, ಸಾಹಿತ್ಯ ಕೇಳುವುದಿಲ್ಲ.

1. ಮೊದಲು ಒಂದು ಪರೀಕ್ಷೆ

ಈ ಜೋಡಿ ಪದಗಳನ್ನು ಗಮನಿಸಿರಿ: ಕಾಲು-ಕಾಳು, ಹುಲಿ-ಹುಳಿ, ಬೆಲೆ-ಬೆಳೆ, ಮನೆ-ಮಣೆ, ಸಾಲು-ಶಾಲು, ಕರ-ಖರ, ಕೊಡು-ಕೋಡು. ಇವುಗಳನ್ನು ಕ್ರಮ ತಪ್ಪಿಸಿ, ಒಂದೊಂದಾಗಿ, ಹಿರಿಯರೊಬ್ಬರು ಮಗುವಿನ ಎದುರು ಓದಲಿ, ಮಗು ಬರೆಯಲಿ. ಬಳಿಕ ಅದೇ ಪದಗಳನ್ನು ಬೇರೆ ಕ್ರಮದಲ್ಲಿ, ಬಾಯಿಂದ ಒಂದು ಗೇಣು ದೂರದಲ್ಲಿ ಮೊಬೈಲ್ ಹಿಡಿದು ಧ್ವನಿಮುದ್ರಿಸಿ, ಮನೆಯ ಸ್ಪೀಕರ್‌ನಲ್ಲಿ ಕೇಳಿಸಿ, ಮತ್ತೆ ಬರೆಯಿಸಿರಿ.

ಎದುರು ಓದಿದಾಗ ಸರಿಯಾಗಿ ಬರೆದು, ಸ್ಪೀಕರ್‌ನಲ್ಲಿ ತಪ್ಪಿದರೆ ದೋಷ ಧ್ವನಿವ್ಯವಸ್ಥೆಯದು. ಎರಡರಲ್ಲಿಯೂ ತಪ್ಪಿದರೆ ತರಗತಿಯ ಶಿಕ್ಷಕರೊಡನೆ ಮಾತನಾಡಿರಿ. ಮಗು ಕರೆದರೆ ಓಗೊಡದಿರುವುದು, ಪದೇ ಪದೇ 'ಏನು?' ಎನ್ನುವುದು ಕಂಡುಬಂದರೆ ಕಿವಿಯ ವೈದ್ಯರಿಗೆ ತೋರಿಸಿರಿ. ನಮ್ಮ ಕಡೆಯ ಆಡುನುಡಿಯಲ್ಲಿ ಶಾಲೆಯು 'ಸಾಲಿ' ಆಗುತ್ತದೆ, ಅದು ದೋಷವಲ್ಲ. ಎರಡೂ ರೂಪಗಳನ್ನು ಗುರುತಿಸುವ ಕಿವಿ ಮಗುವಿಗೆ ಬೇಕು, ಅಷ್ಟೇ.

2. ಸ್ಪೀಕರ್ ಇಡುವ ಜಾಗ

ಹಣ ಖರ್ಚಿಲ್ಲದೆ ಅತಿ ಹೆಚ್ಚು ಫಲ ಕೊಡುವ ಕೆಲಸವಿದು. ಗೋಡೆಗೆ ಒತ್ತಿ ಇಟ್ಟ ಸ್ಪೀಕರ್‌ನಲ್ಲಿ ಬಾಸ್ ಹೆಚ್ಚುತ್ತದೆ. ಎರಡು ಗೋಡೆ ಕೂಡುವ ಮೂಲೆಯಲ್ಲಿ ಇನ್ನೂ ಹೆಚ್ಚುತ್ತದೆ. ಆ ಗುಂಯ್ಗುಡುವಿಕೆಯಲ್ಲಿ ವ್ಯಂಜನಗಳು ಮುಳುಗುತ್ತವೆ. ಗೋಡೆಯಿಂದ ಒಂದು-ಒಂದೂವರೆ ಅಡಿ, ಮೂಲೆಯಿಂದ ಎರಡು ಅಡಿಯಾದರೂ ಮುಂದಕ್ಕೆ ತನ್ನಿರಿ. ಗಾಜಿನ ಶೋಕೇಸ್‌ನೊಳಗೆ, ಕಪಾಟಿನ ಮೇಲೆ, ಟಿ.ವಿ.ಯ ಹಿಂದೆ ಇಡಬೇಡಿರಿ.

ಎತ್ತರವೂ ಮುಖ್ಯ. ಮೇಲಿನ ಸ್ವರಗಳನ್ನು ನುಡಿಸುವ ಚಿಕ್ಕ ಸ್ಪೀಕರ್ ಕೇಳುವವರ ಕಿವಿಯ ಮಟ್ಟದಲ್ಲಿರಬೇಕು. ನಮ್ಮ ಮಕ್ಕಳು ಜಮಖಾನೆಯ ಮೇಲೆ ಕುಳಿತು ಓದುವರು. ಅವರ ಕಿವಿ ನೆಲದಿಂದ ಸುಮಾರು ಎರಡು ಅಡಿ ಎತ್ತರದಲ್ಲಿರುತ್ತದೆ. ಆದ್ದರಿಂದ ಸ್ಟೂಲು ಗಿಡ್ಡದಾಗಿರಲಿ. ಎತ್ತರದಲ್ಲಿಯೇ ಇಡಬೇಕಾದರೆ ಹಿಂಬದಿಗೆ ಸಣ್ಣ ಮರದ ತುಂಡು ಕೊಟ್ಟು ಮುಖವನ್ನು ಕೆಳಕ್ಕೆ ಬಾಗಿಸಿರಿ. ಎರಡು ಸ್ಪೀಕರ್‌ಗಳಿದ್ದರೆ ಅವುಗಳ ನಡುವಿನ ಅಂತರವೂ ಮಗುವಿನಿಂದ ಪ್ರತಿಯೊಂದಕ್ಕೆ ಇರುವ ಅಂತರವೂ ಸಮನಾಗಿರಲಿ. ಆರು ಅಡಿ ಸಾಕು.

3. ಕೋಣೆಯ ಪ್ರತಿಧ್ವನಿ

ಆರ್‌ಸಿಸಿ ಚಾವಣಿ, ಶಹಾಬಾದ್ ಫರಶಿ, ಸಿಮೆಂಟಿನ ಗೋಡೆ ಇವೆಲ್ಲ ಧ್ವನಿಯನ್ನು ಹಿಂದಕ್ಕೆ ಎಸೆಯುತ್ತವೆ. ಒಂದು ಅಕ್ಷರ ಮುಗಿಯುವ ಮೊದಲೇ ಹಿಂದಿನ ಅಕ್ಷರದ ಪ್ರತಿಧ್ವನಿ ಬಂದು ಕೂಡುತ್ತದೆ. ಕೋಣೆಯ ನಡುವೆ ನಿಂತು ಚಪ್ಪಾಳೆ ತಟ್ಟಿರಿ. ಝಣಝಣಿಸುವ ಬಾಲ ಕೇಳಿದರೆ ಕೋಣೆಗೆ ಬಟ್ಟೆ ಬೇಕೆಂದು ತಿಳಿಯಿರಿ.

ಇದಕ್ಕೆ ಬೇಕಾದ ಸಾಮಗ್ರಿ ನಮ್ಮೂರಿನದೇ. ನೆಲಕ್ಕೆ ಜಮಖಾನೆ ಹಾಸಿರಿ. ಸ್ಪೀಕರ್‌ಗೆ ಎದುರಿನ ಗೋಡೆಯ ಮುಂದೆ ಸೊಲ್ಲಾಪುರದ ದಪ್ಪ ಚಾದರವನ್ನು ಅಥವಾ ಅಜ್ಜಿ ಹೊಲಿದ ಕೌದಿಯನ್ನು ಹಗ್ಗದ ಮೇಲೆ ನೆರಿಗೆಗಳಾಗಿ ತೂಗುಬಿಡಿರಿ. ಗೋಡೆಗೆ ಅಂಟಿಸಿ ಹೊಡೆದರೆ ಫಲ ಕಡಿಮೆ. ನಾಲ್ಕು ಬೆರಳು ಬಿಟ್ಟರೆ ಹೆಚ್ಚು. ಬಟ್ಟೆಯು ಮೇಲಿನ ಧ್ವನಿಗಳ ಪ್ರತಿಧ್ವನಿಯನ್ನು ಹೀರುತ್ತದೆ, ಬಾಸನ್ನು ಹೀರುವುದಿಲ್ಲ. ಬಾಸಿಗೆ ಜಾಗ ಬದಲಿಸುವುದೇ ಮದ್ದು. ಪತ್ರಾ ಹೊದಿಸಿದ ಮನೆಯಲ್ಲಿ ಮಗುವನ್ನು ಸ್ಪೀಕರ್‌ಗೆ ಮೂರು ಅಡಿ ಹತ್ತಿರ ಕೂರಿಸಿ, ಸದ್ದು ತಗ್ಗಿಸುವುದು ಸುಲಭೋಪಾಯ.

4. ಗುಂಡಿಗಳು ಮತ್ತು ತಂತಿಗಳು

ಬಾಸ್, ಟ್ರೆಬಲ್ ಎರಡನ್ನೂ ನಡುವಿಗೆ ತನ್ನಿರಿ. 'ಎಕ್ಸ್‌ಟ್ರಾ ಬಾಸ್', 'ಸರೌಂಡ್' ಮುಂತಾದ ಆಯ್ಕೆಗಳನ್ನು ಆರಿಸಿರಿ. ವಚನ, ಪಾಠ, ವಾರ್ತೆಗಳಿಗೆ ಸಬ್‌ವೂಫರ್‌ನ ಸದ್ದನ್ನು ಬಹಳ ತಗ್ಗಿಸಬಹುದು.

ತಂತಿಯ ಕೆಂಪು ತುದಿ ಕೆಂಪಿಗೆ, ಕಪ್ಪು ತುದಿ ಕಪ್ಪಿಗೆ ಸೇರಿದೆಯೇ ನೋಡಿರಿ. ಒಂದು ಸ್ಪೀಕರ್‌ನಲ್ಲಿ ಅದಲುಬದಲಾದರೆ ಒಂದು ಮುಂದೂಡುವಾಗ ಇನ್ನೊಂದು ಹಿಂದೆಳೆಯುತ್ತದೆ. ಧ್ವನಿ ನಡುವಿನಲ್ಲಿ ನಿಲ್ಲದೆ ಚದುರುತ್ತದೆ. ಆಂಪ್ಲಿಫೈಯರ್ ಆರಿಸಿದ ಮೇಲೆಯೇ ತಂತಿ ಮುಟ್ಟಬೇಕು. ಹತ್ತು ಅಡಿಯ ದೂರಕ್ಕೆ 1.5 ಚದರ ಮಿಲಿಮೀಟರ್‌ನ ಸಾಮಾನ್ಯ ತಾಮ್ರದ ತಂತಿ ಸಾಕು. ದುಬಾರಿ ತಂತಿಗೆ ಹಣ ಹಾಕಬೇಕಾಗಿಲ್ಲ. 8 ಓಮ್‌ನ ಎರಡು ಸ್ಪೀಕರ್‌ಗಳನ್ನು ಒಂದೇ ಜೋಡಿ ತಿರುಪಿಗೆ ಸಮಾಂತರವಾಗಿ ಕಟ್ಟಿದರೆ ಭಾರ 4 ಓಮ್‌ಗೆ ಇಳಿಯುತ್ತದೆ. ಆಂಪ್ಲಿಫೈಯರ್‌ನ ಹಿಂಬದಿಯಲ್ಲಿ ಅದಕ್ಕೆ ಅನುಮತಿ ಬರೆದಿರದಿದ್ದರೆ ಹಾಗೆ ಮಾಡಬೇಡಿರಿ.

5. ಧ್ವನಿಯ ಮೂಲ

1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿ, 1966ರಲ್ಲಿ ಆರಂಭವಾದ ಕಲಬುರಗಿ ಆಕಾಶವಾಣಿ ಇವೆರಡೂ ಗಡಿಯಾಚೆಯ ನಮ್ಮ ಮನೆಗಳಿಗೆ ಶುದ್ಧ ಕನ್ನಡವನ್ನು ತಂದವು. ಹಿರಿಯರಿಗೆ ಮಧ್ಯಮ ತರಂಗದ 765 ಮತ್ತು 1107 ಕಿಲೋಹರ್ಟ್ಸ್‌ಗಳು ಇಂದಿಗೂ ನೆನಪಿನಲ್ಲಿವೆ. ಮಧ್ಯಮ ತರಂಗದ ರೇಡಿಯೊದೊಳಗಿನ ಕಪ್ಪು ಫೆರೈಟ್ ದಂಡವು ಕೇಂದ್ರದ ದಿಕ್ಕಿಗೆ ಅಡ್ಡಲಾಗಿರಬೇಕು. ರೇಡಿಯೊವನ್ನು ನಿಧಾನವಾಗಿ ತಿರುಗಿಸಿ ಧ್ವನಿ ತಿಳಿಯಾಗುವ ಕೋನದಲ್ಲಿ ನಿಲ್ಲಿಸಿರಿ. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಇನ್ವರ್ಟರ್‌ಗಳಿಂದ ಅದನ್ನು ದೂರವಿಡಿರಿ.

ಎಫ್‌ಎಂ ಧ್ವನಿ 15,000 ಹರ್ಟ್ಸ್‌ವರೆಗೆ ವಿಸ್ತರಿಸುವುದರಿಂದ ಹೆಚ್ಚು ಸ್ಪಷ್ಟ. ಆದರೆ ಅದು ಬಹುಮಟ್ಟಿಗೆ ನೇರ ದೃಷ್ಟಿರೇಖೆಯಲ್ಲಿ ಸಾಗುತ್ತದೆ. ಆದ್ದರಿಂದ ಆಂಟೆನಾ ಎತ್ತರದಲ್ಲಿರಬೇಕು. ವಿಜಯಪುರ ಆಕಾಶವಾಣಿಯ 101.8 ಮೆಗಾಹರ್ಟ್ಸ್‌ಗೆ ತಲಾ ಸುಮಾರು 75 ಸೆಂಟಿಮೀಟರ್‌ನ ಎರಡು ತಂತಿಗಳನ್ನು ಎಡಕ್ಕೂ ಬಲಕ್ಕೂ ಚಾಚಿ ಕಟ್ಟಿದರೆ ಸರಳ ಆಂಟೆನಾ ಸಿದ್ಧ. ರೇಡಿಯೊ ಸಿಗದ ಊರುಗಳಲ್ಲಿ ಪ್ರಸಾರ ಭಾರತಿಯ 'ನ್ಯೂಸ್ ಆನ್ ಏರ್' ಆ್ಯಪ್‌ನಿಂದ ಕನ್ನಡ ಕೇಂದ್ರಗಳನ್ನು ಕೇಳಬಹುದು.

ಮೊಬೈಲನ್ನು ತಂತಿಯಿಂದ ಜೋಡಿಸುವಾಗ ಮೊಬೈಲಿನ ಸದ್ದನ್ನು ಮುಕ್ಕಾಲು ಭಾಗಕ್ಕಿಂತ ಮೇಲಿಟ್ಟು, ಆಂಪ್ಲಿಫೈಯರ್‌ನಲ್ಲಿ ಹೆಚ್ಚುಕಡಿಮೆ ಮಾಡಿರಿ. ಕರಕರ ಶಬ್ದ ಕಡಿಮೆಯಾಗುವುದು. ಮಲ್ಲಿಕಾರ್ಜುನ ಮನಸೂರರ ವಚನ ಗಾಯನದಂಥ ಹಳೆಯ ಮುದ್ರಣಗಳನ್ನು, ಪ್ರತಿಗಳ ಪ್ರತಿಯಾಗಿ ವಾಟ್ಸ್‌ಆ್ಯಪ್‌ನಲ್ಲಿ ಬಂದ ತುಣುಕಿನ ಬದಲು ಮೂಲ ಧ್ವನಿಸುರುಳಿ ಸಂಸ್ಥೆ ಅಥವಾ ಆಕಾಶವಾಣಿಯ ಪ್ರಕಟಣೆಯಿಂದಲೇ ಕೇಳಿಸಿರಿ. ಮೂಲದಲ್ಲಿ ಕಳೆದುಹೋದ ಅಕ್ಷರವನ್ನು ಯಾವ ಸ್ಪೀಕರ್ ಕೂಡ ಮರಳಿ ತರಲಾರದು.

6. ಸದ್ದಿನ ಮಿತಿ

ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಮಕ್ಕಳಿಗೆ ಸುರಕ್ಷಿತ ಆಲಿಕೆಯ ಮಿತಿ ವಾರಕ್ಕೆ 40 ಗಂಟೆ, 75 ಡೆಸಿಬೆಲ್. ದೊಡ್ಡವರಿಗೆ 80 ಡೆಸಿಬೆಲ್. ಸ್ಪೀಕರ್ ನುಡಿಯುತ್ತಿರುವಾಗ ಒಂದು ಮಾರು ದೂರದಲ್ಲಿರುವವರೊಡನೆ ದನಿ ಏರಿಸದೆ ಮಾತನಾಡಲು ಬರಬೇಕು. ಇದು ಅಳತೆಯ ಯಂತ್ರವಿಲ್ಲದ ಮನೆಗೆ ಒಳ್ಳೆಯ ಗುರುತು. ವಸತಿ ಪ್ರದೇಶಗಳಿಗೆ 2000ದ ಶಬ್ದಮಾಲಿನ್ಯ ನಿಯಮಗಳು ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ನಮ್ಮ ಕನ್ನಡ ನೆರೆಯವರಿಗೆ ಕಿರುಕುಳವಾಗಬಾರದು.

ಹೊಸದನ್ನು ಕೊಳ್ಳುವ ಮುನ್ನ

ಮೇಲಿನ ಕ್ರಮದಲ್ಲಿಯೇ ನಡೆಯಿರಿ: ಜಾಗ, ಕೋಣೆ, ಗುಂಡಿ, ತಂತಿ, ಮೂಲ. ಪ್ರತಿಯೊಂದು ಬದಲಾವಣೆಯ ಬಳಿಕ ಅದೇ ಜೋಡಿ ಪದಗಳನ್ನು ಬರೆಯಿಸಿರಿ. ತಪ್ಪುಗಳು ಕಡಿಮೆಯಾದವೇ ಎಂದು ಎಣಿಸಿರಿ. ಎಲ್ಲವನ್ನೂ ಮಾಡಿದ ಮೇಲೆಯೂ 'ಕಾಳು' ಎಂಬುದು 'ಕಾಲು' ಎಂದೇ ಕೇಳಿಸಿದರೆ ಮಾತ್ರ ಅಂಗಡಿಗೆ ಹೋಗಿರಿ. ಅಲ್ಲಿಯೂ ಅಬ್ಬರದ ಸಂಗೀತದಿಂದ ಪರೀಕ್ಷಿಸದೆ, ಮೊಬೈಲಿನಲ್ಲಿರುವ ಅದೇ ಧ್ವನಿಮುದ್ರಣವನ್ನು ಹಾಕಿಸಿ, ಮಗುವಿನ ಕಿವಿಗೆ ತೀರ್ಪು ಬಿಡಿರಿ.